ಓದುಗರ ಪ್ರಶ್ನೆ: ಫಾರ್ಮಕಾಲಜಿಯಲ್ಲಿ ಪಿಎಚ್‌.ಡಿ

ಪ್ರಶ್ನೆ: ಹಾಸನದ ಫಾರ್ಮಸಿ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಎಂ.ಫಾರ್ಮ್‌ನಲ್ಲಿ ಶೇ. 58 ಅಂಕಗಳಿವೆ. ಕೆಲಸ ಬಿಡದೆ ಪಿಎಚ್‌.ಡಿ ಮಾಡಬಹುದೇ?

ಉತ್ತರ: ಖಂಡಿತ ಮಾಡಬಹುದು. ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗ) 2022ರ ನಿಯಮದಲ್ಲಿ ಪಾರ್ಟ್‌ಟೈಮ್‌ಗೆ ಅವಕಾಶವಿದೆ. ಸ್ನಾತಕೋತ್ತರದಲ್ಲಿ ಶೇ. 55 ಸಾಕು, ಮೀಸಲಾತಿ ವರ್ಗದವರಿಗೆ ಶೇ. 5 ವಿನಾಯಿತಿ. ಕಾಲೇಜಿನಿಂದ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಬೇಕು. ಸಂಶೋಧನೆಗೆ ಸಮಯ ಸಿಗುತ್ತದೆ, ಕೋರ್ಸ್‌ವರ್ಕ್‌ಗೆ (ಪಿಎಚ್‌.ಡಿಯ ಭಾಗವಾದ ತರಗತಿ ಪಾಠಗಳು) ಬೇಕಾದರೆ ಬಿಡುವು ಕೊಡುತ್ತೇವೆ ಎಂಬ ಎರಡೂ ಮಾತು ಅದರಲ್ಲಿ ಇರಲೇಬೇಕು. ಬರೀ ‘ಅಭ್ಯಂತರವಿಲ್ಲ’ ಎಂದು ಬರೆಸಿಕೊಂಡರೆ ಅರ್ಜಿ ವಾಪಸ್ ಬರಬಹುದು.

ಪ್ರವೇಶ ಪರೀಕ್ಷೆಯ ಅರ್ಧದಷ್ಟು ಪ್ರಶ್ನೆಗಳು ಸಂಶೋಧನಾ ವಿಧಾನದ ಮೇಲೆ. ಔಷಧಗಳನ್ನಷ್ಟೇ ಓದಿಕೊಂಡು ಹೋದವರು ಸೋಲುವುದು ಇಲ್ಲೇ. ಸ್ಯಾಂಪಲ್ ಸೈಜ್, ಗುಂಪುಗಳ ಸರಾಸರಿಯನ್ನು ಹೋಲಿಸುವ ಟಿ-ಟೆಸ್ಟ್, ಅನೋವಾ ಎಂಬ ಸಂಖ್ಯಾಶಾಸ್ತ್ರದ ಲೆಕ್ಕಗಳನ್ನು ಗಟ್ಟಿ ಮಾಡಿಕೊಳ್ಳಿ. ಗೈಡ್ ಹುಡುಕುವಾಗ ಅವರ ನಿವೃತ್ತಿಗೆ ಎಷ್ಟು ವರ್ಷ ಉಳಿದಿದೆ ಎಂದು ಸಂಕೋಚವಿಲ್ಲದೆ ಕೇಳಿ. ಮೂರು ವರ್ಷಕ್ಕಿಂತ ಕಡಿಮೆ ಇದ್ದರೆ ಅವರು ಹೊಸಬರನ್ನು ತೆಗೆದುಕೊಳ್ಳುವಂತಿಲ್ಲ. ಕೋರ್ಸ್‌ವರ್ಕ್ ಕನಿಷ್ಠ 12 ಕ್ರೆಡಿಟ್. ಅವಧಿ ಕನಿಷ್ಠ 3, ಗರಿಷ್ಠ 6 ವರ್ಷ.

ಪ್ರಶ್ನೆ: ನಾನು ಫಾರ್ಮ್.ಡಿ (ಡಾಕ್ಟರ್ ಆಫ್ ಫಾರ್ಮಸಿ) ಮುಗಿಸಿದ್ದೇನೆ. ಮತ್ತೆ ಎಂ.ಫಾರ್ಮ್ ಮಾಡಬೇಕೇ? (ಚಿಕ್ಕಮಗಳೂರು)

ಉತ್ತರ: ಬೇಡ. ಫಾರ್ಮ್.ಡಿ ಆದವರು ನೇರವಾಗಿ ಪಿಎಚ್‌.ಡಿಗೆ ಅರ್ಜಿ ಹಾಕಬಹುದು.

ಪ್ರಶ್ನೆ: ಸಕಲೇಶಪುರದ ಕಾಫಿ ಹಣ್ಣಿನ ಸಿಪ್ಪೆಯ ಸಾರವನ್ನು ಸಕ್ಕರೆ ಕಾಯಿಲೆಯ ಇಲಿಗಳಿಗೆ ಕೊಟ್ಟು ನೋಡುವ ಸಿನಾಪ್ಸಿಸ್ (ಸಂಶೋಧನೆಯ ರೂಪರೇಷೆ) ಬರೆದಿದ್ದೇನೆ. ಏನು ಗಮನಿಸಬೇಕು?

ಉತ್ತರ: ವಿಷಯ ಚೆನ್ನಾಗಿದೆ, ಆದರೆ ‘ಕಾಫಿ ಸಿಪ್ಪೆ’ ಎಂದಷ್ಟೇ ಬರೆದರೆ ಸಾಲದು. ಅರೇಬಿಕಾನೋ ರೊಬಸ್ಟಾನೋ, ಯಾವ ತೋಟದ್ದು, ಯಾವ ತಿಂಗಳ ಕುಯಿಲು ಎಂದು ಬರೆಯಿರಿ. ಸಸ್ಯಶಾಸ್ತ್ರಜ್ಞರಿಂದ ಗಿಡವನ್ನು ದೃಢೀಕರಿಸಿ ಮಾದರಿಯನ್ನು ಹರ್ಬೇರಿಯಂನಲ್ಲಿ (ಒಣಗಿಸಿದ ಸಸ್ಯಗಳ ಸಂಗ್ರಹಾಲಯ) ಇಡಿ. ಸಾರದಲ್ಲಿ ಕೆಫೀನ್, ಕ್ಲೋರೋಜೆನಿಕ್ ಆಮ್ಲ ಎಷ್ಟಿದೆ ಎಂದು ಎಚ್‌ಪಿಎಲ್‌ಸಿಯಲ್ಲಿ (ಸಾರದ ಅಂಶಗಳನ್ನು ಬೇರ್ಪಡಿಸಿ ಅಳೆಯುವ ವಿಧಾನ) ಅಳೆಯಿರಿ. ಇಲ್ಲದಿದ್ದರೆ ಮುಂದಿನ ವರ್ಷದ ಸಾರ ಬೇರೆಯದೇ ಫಲಿತಾಂಶ ಕೊಟ್ಟಾಗ ಕಾರಣ ಹೇಳಲಾಗುವುದಿಲ್ಲ.

ಪ್ರಾಣಿಗಳ ನೈತಿಕ ಸಮಿತಿಯ ಅನುಮತಿ ಕೈಗೆ ಬರುವ ಮುನ್ನ ಒಂದು ಇಲಿಯನ್ನೂ ಮುಟ್ಟಬೇಡಿ. ಅರ್ಜಿ ಫಾರಂ ಬಿ. ಒಂದೊಂದು ಗುಂಪಿಗೂ ಇಷ್ಟೇ ಇಲಿ ಏಕೆ ಎಂಬ ಲೆಕ್ಕ ಅದರಲ್ಲಿರಬೇಕು. ಪ್ರಯೋಗ ಮುಗಿದ ಮೇಲೆ ತಂದ ಅನುಮತಿ ನಡೆಯುವುದಿಲ್ಲ. ಸಂಶೋಧನಾ ಪತ್ರಿಕೆಗಳು ಅಂಥ ಲೇಖನವನ್ನು ತಿರಸ್ಕರಿಸುತ್ತವೆ.

ಇನ್ನು ಇಲಿಗಳಲ್ಲಿ ಸಕ್ಕರೆ ಕಾಯಿಲೆ ಬರಿಸುವ ಮಾದರಿಯ ಆಯ್ಕೆ. ಸ್ಟ್ರೆಪ್ಟೋಝೋಟೋಸಿನ್ ಎಂಬ ರಾಸಾಯನಿಕವೊಂದನ್ನೇ ದೇಹತೂಕದ ಕೆ.ಜಿ.ಗೆ 50–60 ಮಿ.ಗ್ರಾಂ ಕೊಟ್ಟರೆ ಇನ್ಸುಲಿನ್ ತಯಾರಿಸುವ ಬೀಟಾ ಕೋಶಗಳು ನಾಶವಾಗಿ, ಬರುವುದು ಟೈಪ್ 1ಕ್ಕೆ ಹತ್ತಿರದ ಸ್ಥಿತಿ. ನಿಮ್ಮ ಪ್ರಶ್ನೆ ಟೈಪ್ 2 ಆಗಿದ್ದರೆ ಮೊದಲು ಹೆಚ್ಚು ಕೊಬ್ಬಿನ ಆಹಾರ ಕೊಟ್ಟು, ಆಮೇಲೆ ಇದರ ಕಡಿಮೆ ಡೋಸ್ ಬಳಸಿ. ವೈವಾದಲ್ಲಿ ಇದನ್ನು ಕೇಳಿಯೇ ಕೇಳುತ್ತಾರೆ. ಸ್ಟ್ರೆಪ್ಟೋಝೋಟೋಸಿನ್ ಅನ್ನು ಪಿಎಚ್ (ಆಮ್ಲೀಯತೆಯ ಅಳತೆ) 4.5ರ ತಣ್ಣನೆಯ ಸಿಟ್ರೇಟ್ ಬಫರ್‌ನಲ್ಲಿ ಚುಚ್ಚುವ ಹೊತ್ತಿಗಷ್ಟೇ ಕಲಸಿ. ಇಟ್ಟರೆ ಶಕ್ತಿ ಕುಂದುತ್ತದೆ. ಮೊದಲ ರಾತ್ರಿ ಗ್ಲೂಕೋಸ್ ನೀರಿಡಿ. ಇಡದಿದ್ದರೆ, ಸತ್ತ ಕೋಶಗಳಿಂದ ಇನ್ಸುಲಿನ್ ಒಮ್ಮೆಲೇ ಸುರಿದು ಸಕ್ಕರೆ ಕುಸಿಯುವುದರಿಂದ ಬೆಳಗಾಗುವಷ್ಟರಲ್ಲಿ ಇಲಿಗಳು ಸತ್ತಿರಬಹುದು. ರಕ್ತದ ಸಕ್ಕರೆಯನ್ನು 72 ಗಂಟೆಯ ನಂತರ ನೋಡಿ, ಏರಿರುವ ಇಲಿಗಳನ್ನು ಮಾತ್ರ ಗುಂಪುಗಳಿಗೆ ಹಂಚಿ.