ಮೂರನೇ ದಿನದ ಐಜಿಎಂ ನೆಗೆಟಿವ್ ನೆಚ್ಚಿಕೊಂಡು ಕೂರಬೇಡಿ

ಅಪ್ಪನಿಗೆ ಜ್ವರ ಬಂದು ಮೂರು ದಿನ, ಐಜಿಎಂ ನೆಗೆಟಿವ್, ಹಾಗಾದ್ರೆ ಮಂಗನ ಕಾಯಿಲೆ ಅಲ್ಲ ತಾನೇ ಅಂತ ಕೇಳಿದ್ದೀರಿ. ಅಷ್ಟಕ್ಕೇ ಅಲ್ಲ ಅನ್ನೋಕಾಗಲ್ಲ ಸರ್. ಐಜಿಎಂ ಅಂದ್ರೆ ವೈರಸ್ ವಿರುದ್ಧ ಮೈ ತಯಾರಿಸೋ ಪ್ರತಿಕಾಯ. ರಕ್ತದ ತಿಳಿ ಭಾಗದಲ್ಲಿ (ಸೀರಮ್) ಅದು ಪರೀಕ್ಷೆಗೆ ಸಿಗೋಕೆ ಜ್ವರ ಶುರುವಾಗಿ ಐದು ದಿನವಾದ್ರೂ ಬೇಕು. ಅಲ್ಲೀವರೆಗೆ ವೈರಸ್ಸನ್ನೇ ಹಿಡಿಯೋ ಆರ್‌ಟಿ-ಪಿಸಿಆರ್ ಮಾಡಿಸಬೇಕು. ಐಜಿಎಂ ಪಾಸಿಟಿವ್ ಬಂದ್ರೂ ತೊಡಕು ತಪ್ಪಿದ್ದಲ್ಲ, ಜ್ವರ ಬಿಟ್ಟು ವಾರಗಳಾದ್ರೂ ಅದು ರಕ್ತದಲ್ಲಿ ಉಳಿದಿರುತ್ತೆ, ಹಾಗಾಗಿ ಹಳೇ ಸೋಂಕಿನದ್ದೂ ಇರಬಹುದು.

ಪ್ಲೇಟ್‌ಲೆಟ್ 90 ಸಾವಿರಕ್ಕೆ ಇಳಿದಿದೆ ಅಂದ್ರಿ. ಡೆಂಗಿಯಲ್ಲೂ ಇಳಿಯುತ್ತೆ, ಇಲಿ ಜ್ವರದಲ್ಲೂ ಇಳಿಯುತ್ತೆ. ಅದರಿಂದ ಕಾಯಿಲೆಯ ಹೆಸರು ಗೊತ್ತಾಗಲ್ಲ.

ಹೋದ ವಾರ ಸೊಪ್ಪಿನಬೆಟ್ಟದಿಂದ (ಸೊಪ್ಪು, ತರಗು ತರೋ ಕಾಡು) ಕೊಟ್ಟಿಗೆಗೆ ತರಗೆಲೆ ಹೊತ್ತು ತಂದ್ರು ಅಂತ ಕೊನೇಲಿ ಬರೆದಿದ್ದೀರಲ್ಲ, ನನ್ನ ಕೇಳಿದ್ರೆ ಡಾಕ್ಟರಿಗೆ ಮೊದಲು ಹೇಳಬೇಕಾದ್ದೇ ಅದು. 1957ರಲ್ಲಿ ಸೊರಬದ ಕ್ಯಾಸನೂರು ಕಾಡಲ್ಲಿ ಪತ್ತೆಯಾದ ಕಾಯಿಲೆ, ಇವತ್ತಿಗೂ ಹೆಚ್ಚಾಗಿ ಉಣುಗು ಕಚ್ಚಿಯೇ ಬರೋದು, ಕಾಡಿನ ತರಗೆಲೆಯಲ್ಲಿ ಉಣುಗು ಇರುತ್ತೆ. ತೊಡೆಸಂದು, ಕಂಕುಳಲ್ಲಿ ಉಣುಗು ಕಚ್ಚಿದೆಯಾ ಅಂತ ಒಮ್ಮೆ ನೋಡಿ.

ಇವತ್ತೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ (ಪಿಎಚ್‌ಸಿ) ಹೋಗಿ ಪಿಸಿಆರ್‌ಗೆ ರಕ್ತ ಕಳಿಸೋಕೆ ಕೇಳಿ. ಮೈಕೈ ನೋವಿಗೆ ಅಂತ ಆಸ್ಪಿರಿನ್, ಐಬುಪ್ರೊಫೆನ್ ಯಾವ ಕಾರಣಕ್ಕೂ ಕೊಡಬೇಡಿ. ವಸಡಲ್ಲಿ ರಕ್ತ ಕಂಡ್ರೆ ರಿಪೋರ್ಟಿಗೆ ಕಾಯದೆ ಸೀದಾ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಕರ್ಕೊಂಡು ಹೋಗಿ.