ಭಾಗಾಕಾರ ಕಂಡರೆ ಅಳುವ ಮಗಳನ್ನು ಸ್ಪರ್ಧೆಗೆ ಕಳಿಸಬಹುದಾ?

ಪ್ರಶ್ನೆ: ಮಗಳು ಸರ್ಕಾರಿ ಶಾಲೆಯಲ್ಲಿ ಐದನೇ ಕ್ಲಾಸು. ನಮ್ಮ ಪಂಚಾಯಿತಿಯಲ್ಲಿ ಗಣಿತ ಸ್ಪರ್ಧೆ ಇದೆ, ಕಳಿಸಿ ಅಂತ ಮೇಷ್ಟ್ರು ಹೇಳುತ್ತಿದ್ದಾರೆ. ಭಾಗಾಕಾರ ಕಂಡರೇ ಅಳುತ್ತಾಳೆ. ಟ್ಯೂಷನ್ ಹಾಕಿಸಲಾ, ಸುಮ್ನೆ ಬಿಟ್ಟುಬಿಡಲಾ?
- ಒಬ್ಬ ತಾಯಿ, ತುಮಕೂರು ಜಿಲ್ಲೆ

ಉತ್ತರ: ಕಳಿಸಿ ಅಮ್ಮಾ. ಅಕ್ಷರ ಫೌಂಡೇಶನ್ ಅನ್ನುವ ಸ್ವಯಂಸೇವಾ ಸಂಸ್ಥೆಯವರು ಊರಿನವರ ಜೊತೆ ಸೇರಿ ನಡೆಸುವ ಸ್ಪರ್ಧೆ ಇದಾಗಿದ್ದರೆ, ಅದು 4, 5, 6ನೇ ತರಗತಿ ಮಕ್ಕಳಿಗಾಗಿಯೇ ಇರುವುದು. ಒಲಿಂಪಿಯಾಡ್ ಥರ ತಲೆ ತಿನ್ನುವ ಲೆಕ್ಕ ಇರುವುದಿಲ್ಲ, ಕ್ಲಾಸಿನ ಪಾಠದ್ದೇ. ಬಹುಮಾನ ಇದೆ, ನಿಜ. ಆದರೆ ನಮ್ಮೂರ ಮಕ್ಕಳು ಎಲ್ಲಿ ಎಡವುತ್ತಿದ್ದಾರೆ ಅಂತ ಪೋಷಕರಿಗೂ ಪಂಚಾಯಿತಿಯವರಿಗೂ ಗೊತ್ತಾಗುತ್ತದಲ್ವಾ, ನನಗೆ ಅದೇ ಜಾಸ್ತಿ ಮುಖ್ಯ ಅನ್ನಿಸುತ್ತದೆ.

ಟ್ಯೂಷನ್ ಬೇಡ. 612ನ್ನು 6ರಿಂದ ಭಾಗಿಸು ಅನ್ನಿ. ತುಂಬಾ ಮಕ್ಕಳು 12 ಅಂತ ಬರೆಯುತ್ತಾರೆ, ಮಧ್ಯದ ಸೊನ್ನೆ ಮಾಯ! ಆಗ ಬೈಯದೆ, ನೂರರ ಆರು ನೋಟು, ಹತ್ತರದು ಒಂದು, ರೂಪಾಯಿಯ ಎರಡು ನಾಣ್ಯ ಕೊಟ್ಟು (ಆಟದ ನೋಟಾದರೂ ಸಾಕು) ಆರು ಜನಕ್ಕೆ ಹಂಚು ಅನ್ನಿ. ತಲೆಗೊಂದು ನೂರು ಹೋಯಿತು. ಹತ್ತರ ಒಂದೇ ನೋಟು ಆರು ಜನಕ್ಕೆ ಸಾಲುವುದಿಲ್ಲ, ಹಾಗಾಗಿ ಹತ್ತರ ಜಾಗದಲ್ಲಿ ಸೊನ್ನೆ. ಅದನ್ನು ಚಿಲ್ಲರೆ ಮಾಡಿದರೆ ಒಟ್ಟು ಹನ್ನೆರಡು ರೂಪಾಯಿ, ತಲೆಗೆ ಎರಡು. ಉತ್ತರ 102. ಶಾಲೆಯಲ್ಲಿ ಗಣಿತ ಕಲಿಕಾ ಆಂದೋಲನದ ಕಿಟ್ (ಸರ್ಕಾರಿ ಶಾಲೆ ಮಕ್ಕಳು ಕೈಯಲ್ಲಿ ಹಿಡಿದು ಲೆಕ್ಕ ಕಲಿಯುವ ಸಾಮಾನಿನ ಪೆಟ್ಟಿಗೆ) ಇದೆಯಾ ಅಂತಲೂ ಮೇಷ್ಟ್ರನ್ನು ಕೇಳಿ, ಬೀರುವಿನಲ್ಲಿ ಕೂತಿದ್ದರೆ ಹೊರಗೆ ತೆಗೆಸಿ.

ಸ್ಪರ್ಧೆ ಮುಗಿದ ಮೇಲೆ ಪಕ್ಕದ ಮನೆ ಹುಡುಗನಿಗೆ ಎಷ್ಟು ಬಂತು ಅಂತ ಮಾತ್ರ ಕೇಳಬೇಡಿ.