ಇಂಗ್ಲಿಷಿನ ‘ಟೇಕ್’ಗೆ ಪೋರ್ಚುಗೀಸಿನಲ್ಲಿ ಯಾವ ಕ್ರಿಯಾಪದ?

ಬೆಳಗಾವಿಯಲ್ಲಿ ಕೂತು ಆ್ಯಪ್‌ನಿಂದ ಪೋರ್ಚುಗೀಸ್ ಕಲಿಯುತ್ತಿದ್ದೀರಿ. ‘ಟೇಕ್’ ಅಂದರೆ ‘ತೊಮಾರ್’ ಎಂದು ಮೊದಲು ಕಲಿಸಿದ ಆ್ಯಪ್, ಆಮೇಲೆ ‘ತಿರಾರ್’, ‘ಲೆವಾರ್’, ‘ಪೆಗಾರ್’ ತೋರಿಸುತ್ತಿದೆ, ಸರಿ ಯಾವುದು ಎಂಬುದು ನಿಮ್ಮ ಪ್ರಶ್ನೆ. ನಾನೂ ಇಂಗ್ಲಿಷ್ ಮೂಲಕವೇ ಕಲಿಯಲು ಶುರು ಮಾಡಿದವನು, ಅದಕ್ಕೇ ನೇರ ಹೇಳುತ್ತೇನೆ: ‘ಟೇಕ್’ ಬಿಟ್ಟುಬಿಡಿ, ಮನೆಯಲ್ಲಿ ಆಡುವ ಕನ್ನಡದಿಂದ ಹೊರಡಿ.

ಚಾವಿಯನ್ನೇ ತಗೊಳ್ಳಿ. ನಾವು ಚಾವಿ ಅನ್ನುವುದೇ ಪೋರ್ಚುಗೀಸರ ‘ಶಾವೆ’. ಹೊರಗೆ ಹೊರಟವನಿಗೆ ‘ಚಾವಿ ಒಯ್ಯಿ’ ಅನ್ನುತ್ತೇವೆ, ಅದು ‘ಲೆವಾ ಆ ಶಾವೆ’. ಒಯ್ಯುವುದು ಲೆವಾರ್, ತರುವುದು ‘ತ್ರಝೇರ್’. ಎರಡರ ನಡುವಿನ ಗೆರೆ ನಮ್ಮಲ್ಲಿದ್ದಲ್ಲೇ ಇದೆ. ಬೀಗದೊಳಗಿನ ‘ಚಾವಿ ತಗಿ’ ಅನ್ನುವುದಕ್ಕೆ ‘ತಿರಾ ಆ ಶಾವೆ’. ತಿರಾರ್ ಅಂದರೆ ನಮ್ಮ ‘ತೆಗೆ’. ಚಪ್ಪಲಿ ತೆಗೆಯುವುದಕ್ಕೂ ಫೋಟೋ ತೆಗೆಯುವುದಕ್ಕೂ ಅದೇ ಸಾಕು. ಪಾಸ್‌ಪೋರ್ಟ್ ತೆಗೆಸುವುದಕ್ಕೂ ಅವರು ತಿರಾರ್ ಅನ್ನುತ್ತಾರೆ. ಇಂಗ್ಲಿಷಿನಿಂದ ಬಂದವರಿಗೆ ಇದು ಬಾಯಿಪಾಠದ ವಿಷಯ, ನಿಮಗೆ ಮೊದಲೇ ಗೊತ್ತಿರುವ ವಿಷಯ.

ಎಲ್ಲರೂ ಎಡವುವುದು ತೊಮಾರ್‌ನಲ್ಲಿ. ಇದಕ್ಕೆ ಗಟ್ಟಿ ಜಾಗ ಇರುವುದು ಗುಳಿಗೆ, ಕಾಫಿ, ನಾಷ್ಟಾ, ಸ್ನಾನ, ನಿರ್ಧಾರ ಇಂಥವುಗಳಲ್ಲಿ. ಈ ಜಾಗ ಬಿಟ್ಟು ಒಬ್ಬರ ವಸ್ತುವಿಗೆ ಹಚ್ಚಿದರೆ ‘ಕಸಗೊಳ್ಳು’ ಅನ್ನುವ ಅರ್ಥ ಬರುತ್ತದೆ. ‘ತೊಮೇಯ್ ಆ ಶಾವೆ ದೆಲೆ’ ಅಂದರೆ ಕೇಳಿದವರಿಗೆ ‘ಅವನ ಚಾವಿ ಕಸಗೊಂಡೆ’ ಎಂದೇ ಕೇಳಿಸೀತು. ಅವನು ಕೊಟ್ಟ ಚಾವಿಯನ್ನು ನೀವು ಸುಮ್ಮನೆ ಒಯ್ದಿದ್ದರೂ ಅಷ್ಟೇ! ವ್ಯಾಕರಣ ಸರಿ ಇರುವುದರಿಂದ ಯಾರೂ ತಿದ್ದುವುದಿಲ್ಲ, ಹಾಗಾಗಿ ತಪ್ಪು ನಾಲಿಗೆಗೆ ಅಂಟಿಕೊಳ್ಳುತ್ತದೆ. ‘ತೊಮಾರ್ ಉಮಾ ಫೋತೋ’ ಅನ್ನುವುದಂತೂ ಸ್ಪ್ಯಾನಿಷ್ ವಾಡಿಕೆ, ಇಲ್ಲಿ ತರಬೇಡಿ.

ಬಸ್ಸು ‘ಹಿಡಿಯುವುದು’ ಮಾತ್ರ ದೇಶ ನೋಡಿ ಬದಲಾಗುತ್ತದೆ. ಬ್ರೆಜಿಲ್‌ನಲ್ಲಿ ‘ಪೆಗಾರ್ ಓ ಓನಿಬುಸ್’, ಪೋರ್ಚುಗಲ್‌ನಲ್ಲಿ ‘ಅಪನ್ಯಾರ್ ಓ ಔತೊಕಾರ್ರೊ’. ಬ್ರೆಜಿಲ್‌ನವರಿಗೆ ಅಪನ್ಯಾರ್ ಅಂದಕೂಡಲೇ ನೆನಪಾಗುವುದು ಏಟು ತಿನ್ನುವುದು. ಬಸ್ಸಿಗೂ ಟ್ಯಾಕ್ಸಿಗೂ ತೊಮಾರ್ ಪುಸ್ತಕಗಳಲ್ಲಿ ಸಿಗುತ್ತದೆ, ತಪ್ಪಲ್ಲ, ಆದರೆ ಬೀದಿಯ ಮಾತಿನಲ್ಲಿ ಕಡಿಮೆ. ಯಾವ ದೇಶದ ಪೋರ್ಚುಗೀಸ್ ಬೇಕು ಅನ್ನುವುದನ್ನು ಮೊದಲು ಗೊತ್ತುಮಾಡಿಕೊಳ್ಳಿ. ಗೋವಾದ ಹಿರಿಯರ ಜೊತೆ ಮಾತಾಡುವ ಆಸೆ ಇದ್ದರೆ ಪೋರ್ಚುಗಲ್‌ದೇ ಕಲಿಯಿರಿ.

ಉಚ್ಚಾರವನ್ನು ಅಕ್ಷರ ನೋಡಿ ಓದಿದಂತೆ ಬರೆದಿದ್ದೇನೆ. ಪೋರ್ಚುಗಲ್‌ನಲ್ಲಿ ತೊಮಾರ್ ‘ತುಮಾರ್’ ಆಗುತ್ತದೆ, ಬ್ರೆಜಿಲ್‌ನ ಬಹಳ ಕಡೆ ತಿರಾರ್ ‘ಚಿರಾರ್’ ಆಗುತ್ತದೆ. ಆಡಿಯೋ ಕೇಳದೆ ಪದ ಬರೆದುಕೊಳ್ಳಬೇಡಿ.

ಕನ್ನಡ ಕೈಕೊಡುವ ಜಾಗಗಳೂ ಇವೆ, ಅವನ್ನಷ್ಟೇ ವಹಿಯಲ್ಲಿ ಬರೆದಿಟ್ಟುಕೊಳ್ಳಿ. ‘ಎರಡು ತಾಸು ಹಿಡೀತದ’ ಅನ್ನುವಾಗಿನ ಹಿಡಿಯುವಿಕೆಗೆ ಪೆಗಾರ್ ನಡೆಯುವುದಿಲ್ಲ, ‘ಲೆವಾ ದುವಾಸ್ ಓರಾಸ್’ ಅನ್ನಬೇಕು. ತಡವಾಗುತ್ತಿದೆ ಅನ್ನುವ ಛಾಯೆ ಬೇಕಿದ್ದರೆ ‘ದೆಮೊರಾರ್’. ರಜೆ ನಾವು ತಗೊಳ್ಳುತ್ತೇವೆ, ಅವರು ತೆಗೆಯುತ್ತಾರೆ: ‘ತಿರಾರ್ ಫೆರಿಯಾಸ್’. ಪರೀಕ್ಷೆಗೆ ಎರಡೂ ದೇಶಗಳಲ್ಲಿ ‘ಫಝೇರ್’, ಅಂದರೆ ಮಾಡು. ಮರಾಠಿ ಪ್ರಭಾವದಲ್ಲಿ ‘ಪರೀಕ್ಷಾ ಕೊಡ್ತೀನಿ’ ಅನ್ನುವ ರೂಢಿ ನಿಮಗಿದ್ದರೆ ‘ದಾರ್’ ಹಾಕಬೇಡಿ. ಬ್ರೆಜಿಲ್‌ನಲ್ಲಿ ಪರೀಕ್ಷೆ ಕೊಡುವವರು ಮೇಷ್ಟ್ರು.